ದೊಡ್ಡಮ್ಮನ ಬ್ರೇಕು

ಕಾಂಪೌಂಡರ್ ಮನೆಯ ಶೆಡ್ಡಿನಲ್ಲಿರುವ ಕಪ್ಪು ಕಾರಿಗೆ ಬೀದಿಯವರೆಲ್ಲ ದೊಡ್ಡಮ್ಮ ಅನ್ನುತ್ತಾರೆ. ಸಾವಿರದ ಒಂಬೈನೂರ ನಲವತ್ತೇಳರಲ್ಲಿ ಕಾರ್ಖಾನೆಯಿಂದ ಹೊರಬಿದ್ದ ಗಾಡಿ ಅದು. ಅದಕ್ಕಿಂತ ಹಿರಿಯರು ಅಂತ ಬೀದಿಯಲ್ಲಿ ಈಗ ಯಾರೂ ಉಳಿದಿಲ್ಲ, ಹಾಗಾಗಿ ಹೆಸರು ನ್ಯಾಯವಾದದ್ದೇ. ಉಬ್ಬಿದ ಮಡ್‌ಗಾರ್ಡು, ಅಗಲವಾದ ಕಾಲುಮೆಟ್ಟಿಲು, ಗುಂಡನೆಯ ದೀಪಗಳು. ತಿರುಗಬೇಕಾದಾಗ ಬಾಗಿಲ ಪಕ್ಕದ ಕಂಬದಿಂದ ಕಿತ್ತಳೆ ಬಣ್ಣದ ಸಣ್ಣ ಕೈಯೊಂದು ಮೇಲೇಳುತ್ತದೆ. ಏಳಬೇಕು ಅಂತ ಇರುವುದು, ಆದರೆ ದೊಡ್ಡಮ್ಮನಿಗೆ ಮನಸ್ಸಿದ್ದರೆ ಮಾತ್ರ. ಇಲ್ಲದಿದ್ದರೆ ಒಳಗಿನಿಂದ ಕಂಬಕ್ಕೆ ಮೊಣಕೈಯಲ್ಲಿ ಒಂದು ಗುದ್ದು ಕೊಡಬೇಕು.

ಕಾಂಪೌಂಡರ್ ದುಡಿಯುತ್ತಿದ್ದ ಆಸ್ಪತ್ರೆಯ ಹಳೆಯ ಡಾಕ್ಟರು ರೋಗಿಗಳ ಮನೆ ಸುತ್ತುತ್ತಿದ್ದದ್ದು ಇದೇ ಗಾಡಿಯಲ್ಲಿ. ಕೊನೆಗೆ ಕೈ ನಡುಗಲು ಶುರುವಾದಾಗ ಅವರು ಬೀಗದ ಕೈಯನ್ನು ಕಾಂಪೌಂಡರ್ ಅಂಗೈಯಲ್ಲಿಟ್ಟು, "ಮಾರಬೇಡಪ್ಪ, ಓಡಿಸು" ಅಂದಿದ್ದರು. ಆ ಮನುಷ್ಯ ಆ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡನೆಂದರೆ, ವಾರದ ರಜೆ ಬಂತು ಅಂದರೆ ಶೆಡ್ಡಿಗೆ ಹೋದವನು ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಅಕ್ಕಪಕ್ಕದ ಹೆಂಗಸರು ಅವನ ಹೆಂಡತಿಯನ್ನು ಕಂಡಾಗಲೆಲ್ಲ, "ಏನಮ್ಮಾ, ಸವತಿ ಹೇಗಿದ್ದಾಳೆ?" ಅಂತ ಕಿಚಾಯಿಸುತ್ತಿದ್ದರು.

ಈ ಕಥೆ ಆ ಹೆಂಡತಿಯದು. ಬೀದಿಗೆಲ್ಲ ಆಕೆ ಅಚ್ಚಕ್ಕ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದಳು, ಅದಕ್ಕೆ ಆ ಹೆಸರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಸಾಲಾಗಿ ನಿಲ್ಲಿಸುವ ಕೆಲಸ. ಅಚ್ಚಿನ ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದಲ್ಲ, ಅಚ್ಚಕ್ಕ ಅದನ್ನು ನಾವು ನೀವು ಪೇಪರ್ ಓದಿದಷ್ಟೇ ಸಲೀಸಾಗಿ ಓದುತ್ತಿದ್ದಳು. ಮೇಜಿನಾಚೆ ಕೂತವರ ಕೈಯಲ್ಲಿದ್ದ ಕಾಗದವನ್ನೂ ಬುಡಮೇಲಾಗಿಯೇ ಓದಿ ಮುಗಿಸುವಳು. ಆಕೆಯ ಎದುರಿಗೆ ಗುಟ್ಟಿನ ಕಾಗದ ಬಿಚ್ಚುವ ಧೈರ್ಯ ಮಾಡಿದವರಿಲ್ಲ. ಮುಂದೆ ಕಂಪ್ಯೂಟರ್ ಬಂತು, ಮೊಳೆಗಳನ್ನು ಗುಜರಿಗೆ ಹಾಕಿದರು, ಅಚ್ಚಕ್ಕ ಮನೆಗೆ ಬಂದಳು. ಆದರೆ ಆ ಬೆರಳುಗಳಿಗೆ ಸುಮ್ಮನಿದ್ದು ಗೊತ್ತೇ ಇಲ್ಲ.

ದೀಪ ಹಿಡಿಯುವ ಕೆಲಸ ಆಕೆಗೆ ಗಂಟುಬಿದ್ದದ್ದು ಮದುವೆಯಾದ ಹೊಸದರಲ್ಲಿ. ಶೆಡ್ಡಿನಲ್ಲಿ ತಂತಿಗೆ ನೇತುಹಾಕಿದ್ದ ಬಲ್ಬು ಪದೇಪದೇ ಜಾರಿ ಬೀಳುತ್ತಿತ್ತು. "ಇವಳೇ, ಒಂದು ನಿಮಿಷ ಬಂದು ದೀಪ ಹಿಡಿ" ಅಂತ ಗಂಡ ಕೂಗಿದ. ಆ ಒಂದು ನಿಮಿಷ ಮುಗಿಯಲೇ ಇಲ್ಲ ನೋಡಿ! ಮಕ್ಕಳು ಹುಟ್ಟಿ, ಬೆಳೆದು, ತಂತಮ್ಮ ಸಂಸಾರ ಕಟ್ಟಿಕೊಂಡರೂ ರಜೆಯ ದಿನ ಅಚ್ಚಕ್ಕ ಶೆಡ್ಡಿನಲ್ಲಿ ದೀಪ ಹಿಡಿದುಕೊಂಡು ನಿಂತೇ ಇದ್ದಳು. ಅವನು ಬಾನೆಟ್ಟಿನ ಆ ಕಡೆ, ಇವಳು ಈ ಕಡೆ. ಅವನು ಗಾಡಿಯ ಅಡಿಯಲ್ಲಿ ಮಲಗಿದರೆ ಇವಳು ಚಕ್ರದ ಹೊರಗೆ ಕುಕ್ಕರುಗಾಲಲ್ಲಿ ಕೂತು ಬೆಳಕನ್ನು ಒಳಕ್ಕೆ ಬಿಡುವಳು. ಕೈ ಸ್ವಲ್ಪ ಸೋತು ದೀಪ ಬಾಗಿತೋ, ಅಡಿಯಿಂದ ಬೈಗುಳ ಬರುತ್ತಿತ್ತು: "ದೀಪ ನನ್ನ ಮೂಗಿಗಲ್ಲ ಕಣೇ, ಬೋಲ್ಟಿಗೆ!"

ದೀಪ ಹಿಡಿದವರಿಗೆ ಕಣ್ಣು ಮುಚ್ಚಿಕೊಳ್ಳುವ ಹಾಗಿಲ್ಲ. ಅಚ್ಚಕ್ಕ ಎಲ್ಲವನ್ನೂ ನೋಡಿದಳು. ಕಾರ್ಬ್ಯುರೇಟರ್ ಬಿಚ್ಚಿದರೆ ಯಾವ ಸ್ಪ್ರಿಂಗು ಯಾವ ಬಟ್ಟಲಿಗೆ ಹೋಗಬೇಕು, ಪೆಟ್ರೋಲ್ ಪಂಪು ಬಿಸಿಯಾಗಿ ಮುನಿಸಿಕೊಂಡರೆ ಒದ್ದೆ ಬಟ್ಟೆ ಎಲ್ಲಿ ಸುತ್ತಬೇಕು, ಎಲ್ಲವೂ ಆಕೆಗೆ ಬಾಯಿಪಾಠ. ಗಂಡ ಕೈ ಚಾಚುವ ಮೊದಲೇ ಬೇಕಾದ ಸ್ಪ್ಯಾನರ್ ಅವನ ಅಂಗೈಯಲ್ಲಿರುತ್ತಿತ್ತು. ಯಾರಾದರೂ ಶೆಡ್ಡಿಗೆ ಬಂದು, "ಇಷ್ಟು ಹಳೇ ಗಾಡಿನ ಯಾರು ಸ್ವಾಮಿ ರಿಪೇರಿ ಮಾಡೋದು?" ಅಂತ ಕೇಳಿದರೆ ಕಾಂಪೌಂಡರ್ ಎದೆಯುಬ್ಬಿಸಿ, "ಎಲ್ಲಾ ನಾನೇ. ಇವಳು ದೀಪ ಹಿಡೀತಾಳೆ, ಅಷ್ಟೇ" ಅನ್ನುತ್ತಿದ್ದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಪಾಪ. ಆದರೂ ಆ 'ಅಷ್ಟೇ' ಅನ್ನುವುದು ಅಚ್ಚಕ್ಕನಿಗೆ ಚಪ್ಪಲಿಯೊಳಗೆ ಸೇರಿಕೊಂಡ ಕಲ್ಲಿನ ಹಾಗೆ ಒತ್ತುತ್ತಿತ್ತು. ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

ಹೀಗಿರುವಾಗ ಕಾಂಪೌಂಡರ್‌ಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ಮಾತೂ ಉಳಿಯಿತು, ಎಡಗೈ ಎಡಗಾಲು ಮಾತ್ರ ಹೇಳಿದ ಮಾತು ಕೇಳದಾದವು. ಕ್ಲಚ್ ಒತ್ತುವ ಕಾಲು ಅದೇ. ಊರುಗೋಲು ಹಿಡಿದು ಮನೆಯೊಳಗೆ ಓಡಾಡುವಷ್ಟಾದರೂ ಅವನು ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಗಡ್ಡ ಬೋಳಿಸುವುದನ್ನು ಬಿಟ್ಟ. ಕಿಟಕಿ ಪಕ್ಕ ಕೂತರೆ ಕೂತಲ್ಲೇ. ದೊಡ್ಡಮ್ಮನ ಬ್ಯಾಟರಿ ಸತ್ತಿತು, ಸೀಟಿನೊಳಗೆ ಇಲಿ ಸಂಸಾರ ಹೂಡಿತು.

ಅವನ ತಮ್ಮನಿಗೆ ಮುಖ್ಯರಸ್ತೆಯಲ್ಲಿ ಪೀಠೋಪಕರಣದ ದೊಡ್ಡ ಅಂಗಡಿ. ಆತ ಒಂದು ದಿನ ಬಂದು, "ಅಣ್ಣಾ, ಗಾಡಿ ನನಗೆ ಕೊಡು. ಗಾಜಿನ ಹಿಂದೆ ನಿಲ್ಲಿಸಿ ದಿನಾ ಪಾಲಿಶ್ ಹೊಡೆಸ್ತೀನಿ. ನೋಡಿದೋರು ಕಣ್ಣು ಬಾಯಿ ಬಿಡಬೇಕು" ಅಂದ.

ಕಾಂಪೌಂಡರ್ ಕಿಟಕಿಯಿಂದ ಕಣ್ಣು ತೆಗೆಯದೆ, "ತಗೊಂಡು ಹೋಗು. ಅದು ಅಲ್ಲಿ ನಿಂತಿರೋದು ಕಂಡ್ರೆ ನನಗೆ ನನ್ನ ಕಾಲೇ ಕಾಣತ್ತೆ" ಅಂದ.

ಅಚ್ಚಕ್ಕ ಟೀ ತರುತ್ತಿದ್ದಳು. ಬಾಗಿಲಲ್ಲೇ ನಿಂತಳು. ಗಾಡಿ ಹೋದರೆ ಈ ಮನುಷ್ಯ ಕಿಟಕಿ ಬಿಟ್ಟು ಏಳುವುದಿಲ್ಲ ಅನ್ನುವುದು ಆಕೆಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಅದರ ಜೊತೆಗೆ ಇನ್ನೊಂದಿತ್ತು. ಆ ಗಾಡಿ ಅಚ್ಚಕ್ಕನಿಗೂ ಬೇಕಿತ್ತು, ತನಗೋಸ್ಕರವೇ ಬೇಕಿತ್ತು. ಅದನ್ನು ಈ ತನಕ ಯಾರೂ ಕೇಳಿರಲಿಲ್ಲ.

"ಗಾಜಿನ ಹಿಂದೆ ಯಾಕೆ ಹೋಗಬೇಕು? ನಾನು ಓಡಿಸ್ತೀನಿ" ಅಂದಳು.

ಮೈದುನನಿಗೆ ನಗು ಉಕ್ಕಿ ಬಂತು. "ಅತ್ತಿಗೇ! ಈ ವಯಸ್ಸಲ್ಲಿ? ನೀವು ಸೈಕಲ್ಲೇ ಹತ್ತಿದೋರಲ್ಲ."

"ಸೈಕಲ್ಲಿಗೆ ಎರಡೇ ಚಕ್ರ, ಅದು ಬೀಳತ್ತೆ. ಇದಕ್ಕೆ ನಾಲ್ಕಿದೆ" ಅಂದಳು ಅಚ್ಚಕ್ಕ.

ಕಾಂಪೌಂಡರ್ ಮೊದಲ ಸಲ ತಲೆ ತಿರುಗಿಸಿ ಹೆಂಡತಿಯ ಮುಖ ನೋಡಿದ. ಹಳೆಯ ಗಾಡಿಗಳು ರಸ್ತೆಗಿಳಿಯಬೇಕಾದರೆ ಸರ್ಕಾರದ ತಪಾಸಣೆಯಲ್ಲಿ ಪಾಸಾಗಬೇಕು. ಆ ಸಲದ ತಪಾಸಣೆಗೆ ಇನ್ನೂ ಕೆಲವು ತಿಂಗಳಿತ್ತು. "ಸರಿ, ತಪಾಸಣೆಗೆ ನೀನೇ ಓಡಿಸ್ಕೊಂಡು ಹೋಗಿ ಪಾಸು ಮಾಡಿಸು. ಪಾಸಾದ್ರೆ ಗಾಡಿ ಇರತ್ತೆ. ಇಲ್ಲಾಂದ್ರೆ ಅಲ್ಲಿಂದಲೇ ಅವನ ಅಂಗಡಿಗೆ ಹೋಗತ್ತೆ. ಆಮೇಲೆ ಅಳಬಾರದು" ಅಂದ.

"ಅಳೋರು ಯಾರೋ ನೋಡೋಣ" ಅಂತ ಅಚ್ಚಕ್ಕ ಟೀ ಕುಕ್ಕಿ ಒಳಗೆ ಹೋದಳು.

ಡ್ರೈವಿಂಗ್ ಸ್ಕೂಲಿನಲ್ಲಿ ಮೊಮ್ಮಕ್ಕಳ ವಯಸ್ಸಿನವರ ನಡುವೆ ಕೂತು ಹೊಸ ಕಾರು ಕಲಿತಳು, ಲೈಸೆನ್ಸ್ ತಗೊಂಡಳು. ಬಂದು ದೊಡ್ಡಮ್ಮನ ಎದುರು ನಿಂತರೆ ಕಲಿತದ್ದೆಲ್ಲ ನೀರಲ್ಲಿ ಹೋಮ. ಈ ಗಾಡಿಯಲ್ಲಿ ಗೇರು ಬದಲಿಸಬೇಕಾದರೆ ಕ್ಲಚ್ಚನ್ನು ಎರಡೆರಡು ಸಲ ತುಳಿಯಬೇಕು. ಸ್ವಲ್ಪ ಹೆಚ್ಚುಕಮ್ಮಿಯಾದರೂ ಕರಕರ ಹಲ್ಲು ಕಡಿಯುತ್ತದೆ. ಸ್ಟೇರಿಂಗ್ ತಿರುಗಿಸಲು ರಟ್ಟೆಯಲ್ಲಿ ಕಸುವು ಬೇಕು. ಪಕ್ಕದ ಸೀಟಿನಲ್ಲಿ ಗಂಡ ಬೇರೆ. ಅವನನ್ನು ಕಿಟಕಿಯಿಂದ ಎಬ್ಬಿಸಿ ತಂದು ಕೂರಿಸಿದ್ದೂ ಅಚ್ಚಕ್ಕನೇ, ಕೂರಿಸಿದ್ದಕ್ಕೆ ಪಶ್ಚಾತ್ತಾಪಪಟ್ಟದ್ದೂ ಅಚ್ಚಕ್ಕನೇ.

"ಅಯ್ಯೋ, ಗೇರ್‌ಬಾಕ್ಸ್ ಅದು, ಒರಳುಕಲ್ಲಲ್ಲ!"

"ನೀವು ಕಿರುಚಿದ್ರೆ ಕಾಲು ಓಡಲ್ಲ ನನಗೆ. ಬಾಯಿ ಮುಚ್ಕೊಂಡು ಕೂರಿ."

"ನನ್ನ ಗಾಡೀಲಿ ನನಗೇ ಬಾಯಿ ಮುಚ್ಚು ಅಂತೀಯಾ?"

"ಬೇಕಾದ್ರೆ ಇಳಿದು ನಡ್ಕೊಂಡು ಬನ್ನಿ!"

ಪಾಪ, ನಡೆಯಲಾಗದವನಿಗೆ ಹಾಗಂದದ್ದು ತಪ್ಪಾಯಿತು ಅಂತ ಅಚ್ಚಕ್ಕ ನಾಲಿಗೆ ಕಚ್ಚಿಕೊಂಡಳು. ಪಕ್ಕಕ್ಕೆ ನೋಡಿದರೆ ಅವನು ಮೀಸೆಯಡಿಯಲ್ಲಿ ನಗುತ್ತಿದ್ದ. ಮರುದಿನ ಬೆಳಿಗ್ಗೆ ಅವನೇ ಕೇಳಿ ಗಡ್ಡ ಬೋಳಿಸಿಕೊಂಡ.

ರಿಪೇರಿಯನ್ನೂ ಅಚ್ಚಕ್ಕನೇ ಮಾಡಿದಳು. ಇಲಿ ಸಂಸಾರವನ್ನು ಖಾಲಿ ಮಾಡಿಸಿದಳು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದಳು, ಅಡಿಯಲ್ಲಿ ತೂರಿ ಕೀಲುಕೀಲಿಗೂ ಗ್ರೀಸ್ ತುಂಬಿದಳು. ಮಗನ ಹಳೆಯ ಪ್ಯಾಂಟು ತೊಟ್ಟು, ಮುಖಕ್ಕೆಲ್ಲ ಮಸಿ ಬಳಿದುಕೊಂಡು ಹೊರಬಂದ ಅವಳನ್ನು ಕಂಡು ಎದುರುಮನೆಯಾಕೆ, "ಅಚ್ಚಕ್ಕಾ, ಗುರುತೇ ಸಿಗಲಿಲ್ಲ ಕಣೇ!" ಅಂತ ಎದೆ ಮೇಲೆ ಕೈಯಿಟ್ಟುಕೊಂಡಳು. ಗಂಡ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೇಳುವನು, ಇವಳು ಮಾಡುವಳು. ಎಷ್ಟೋ ಸಲ ಅವನು ಹೇಳುವುದರೊಳಗೆ ಮಾಡಿ ಮುಗಿಸಿರುತ್ತಿದ್ದಳು. ಇಂಥ ಹೆಂಗಸನ್ನು ಮೆಚ್ಚದೆ ಏನು ಮಾಡುತ್ತೀರಿ!

ತಪಾಸಣೆಯ ಹಿಂದಿನ ದಿನ ಬ್ರೇಕು ಬಿಗಿ ಮಾಡುವುದೊಂದು ಬಾಕಿಯಿತ್ತು. ದೊಡ್ಡಮ್ಮನ ಒಂದೊಂದು ಚಕ್ರದ ಒಳಮಗ್ಗುಲಲ್ಲೂ ಒಂದು ಚೌಕದ ತಿರುಪು ಇದೆ. ಅದನ್ನು ತಿರುಗಿಸಿದರೆ ಟಕ್ ಅನ್ನುತ್ತದೆ. ವರ್ಷಕ್ಕೊಮ್ಮೆ ಕಾಂಪೌಂಡರ್ ಅಡಿಯಲ್ಲಿ ಮಲಗಿ ಚಕ್ರಕ್ಕೆ ಮೂರು ಟಕ್ಕು ಕೊಡುತ್ತಿದ್ದ, ಬ್ರೇಕು ಬಿಗಿಯಾಗುತ್ತಿತ್ತು. ಅಚ್ಚಕ್ಕ ಗಾಡಿಯನ್ನು ದಿಮ್ಮಿಗಳ ಮೇಲೆ ಏರಿಸಿ ಅಡಿಯಲ್ಲಿ ತೂರಿದಳು. ಅವನ ಕೈ ಯಾವ ಕಡೆ ತಿರುಗುತ್ತಿತ್ತೆಂದು ಕಣ್ಣು ಮುಚ್ಚಿ ನೆನೆದಳು. ಅದೇ ಕಡೆಗೆ ಮೂರು ಟಕ್ಕು, ನಾಲ್ಕು ಚಕ್ರಕ್ಕೂ.

"ಚಕ್ರ ತಿರುಗಿಸಿ ನೋಡಿದ್ಯಾ? ಸಲೀಸಾಗಿ ತಿರುಗತ್ತಾ?" ಬಾಗಿಲಿನಿಂದ ಗಂಡ ಕೇಳಿದ.

"ಹೂಂ, ಬೆಣ್ಣೆ ಥರ."

ಬೆಣ್ಣೆಯ ಹಾಗೆ ತಿರುಗಬಾರದು, ಒಳಗೆ ಸಣ್ಣಗೆ ಉಜ್ಜಿದ ಸದ್ದು ಬರಬೇಕು. ಅವನಿಗೆ ಅದು ಗೊತ್ತಿತ್ತು. ಆದರೆ ಹೆಂಡತಿಯ ಕೆಲಸ ಎಲ್ಲೂ ತಪ್ಪಿದ್ದನ್ನು ಅವನು ಕಂಡಿರಲಿಲ್ಲ, ಬಿಟ್ಟುಬಿಟ್ಟ. ಸೀಟಿನಲ್ಲಿ ಕೂತಾಗ ಬ್ರೇಕಿನ ಪೆಡಲು ಎಂದಿಗಿಂತ ಕೆಳಗೆ ಹೋದಂತೆ ಅಚ್ಚಕ್ಕನಿಗೂ ಅನ್ನಿಸಿತು. ಆ ದಿನವೇ ಹೊಸ ಕ್ಯಾನ್ವಾಸ್ ಬೂಟು ಹಾಕಿದ್ದಳು. ಬೂಟಿನ ದೋಷ ಅಂದುಕೊಂಡಳು.

ಬ್ರೇಕು ಪರೀಕ್ಷಿಸೋಣವೆಂದು ಇಬ್ಬರೂ ಗಾಡಿ ಹೊರಗೆ ತೆಗೆದು, ಬೀದಿಯ ಇಳಿಜಾರಿನಲ್ಲಿ ಅರ್ಧ ಹೋಗಿದ್ದರು. ಮುಂದೆ ಮೂಲೆಯಲ್ಲಿ ದರ್ಜಿಯಂಗಡಿ. ಅಚ್ಚಕ್ಕ ಬ್ರೇಕು ಒತ್ತಿದಳು. ಪೆಡಲು ನೆಲ ಮುಟ್ಟಿತು, ಗಾಡಿ ಮಾತ್ರ ತನ್ನ ಪಾಡಿಗೆ ತಾನು ಹೊರಟಿತ್ತು. "ರೀ, ನಿಲ್ತಿಲ್ಲ!" ಅಂತ ಕೂಗಿದಳು. ಗಂಡ ಹ್ಯಾಂಡ್‌ಬ್ರೇಕ್ ಎಳೆದ, ಅದೂ ಅದೇ ತಿರುಪುಗಳನ್ನು ನಂಬಿದ್ದು, ಪ್ರಯೋಜನವಾಗಲಿಲ್ಲ. ಅಚ್ಚಕ್ಕ ಹಲ್ಲು ಕಚ್ಚಿ ಕ್ಲಚ್ಚನ್ನು ಎರಡು ಸಲ ತುಳಿದು ಕೆಳಗಿನ ಗೇರಿಗೆ ಹಾಕಿದಳು. ಆ ದಿನ ಗೇರು ಹಲ್ಲು ಕಡಿಯಲಿಲ್ಲ. ವೇಗ ಕುಗ್ಗಿತು, ದರ್ಜಿ ಹೊರಗೆ ಹಾರಿ ನಿಂತ, ಅಚ್ಚಕ್ಕ ಸ್ಟೇರಿಂಗನ್ನು ಮೈಭಾರ ಹಾಕಿ ತಿರುಗಿಸಿ, ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ಮುಂದಿನ ಮರಳಿನ ರಾಶಿಗೆ ದೊಡ್ಡಮ್ಮನ ಮೂಗು ಹುಗಿದಳು.

ಯಾರಿಗೂ ಏನೂ ಆಗಲಿಲ್ಲ. ಗಾಡಿಗೂ ಗೀರಿಲ್ಲ. ಆದರೆ ಬೀದಿಯೇ ಬಂದು ಸುತ್ತ ನಿಂತಿತು, ಸುದ್ದಿ ಮೈದುನನ ಅಂಗಡಿ ತಲುಪಿತು. ಓಡಿ ಬಂದ ಅವನ ಮುಖ ಬಿಳಿಚಿಕೊಂಡಿತ್ತು. "ಸಾಕು ಅತ್ತಿಗೆ. ಗಾಡಿಗಿಂತ ನೀವಿಬ್ಬರು ನಮಗೆ ಮುಖ್ಯ. ನಾಳೆ ತಪಾಸಣೆ ಮೈದಾನಕ್ಕೆ ಎಳೆಯೋ ಲಾರಿ ತರ್ತೀನಿ, ಪಾಸಾಗದಿದ್ರೆ ಅಲ್ಲಿಂದಲೇ ಅಂಗಡಿಗೆ ಹೋಗ್ಲಿ" ಅಂದ. ಒಳ್ಳೆಯ ಮನುಷ್ಯ, ಪ್ರೀತಿಯಿಂದಲೇ ಅಂದ.

ಬೀದಿಯವರು ತಳ್ಳಿ ಗಾಡಿಯನ್ನು ಶೆಡ್ಡಿಗೆ ಸೇರಿಸಿ ಹೋದರು. ಅಚ್ಚಕ್ಕ ಕಾಲುಮೆಟ್ಟಿಲ ಮೇಲೆ ಕುಸಿದಳು. "ಮೂರು ಟಕ್ಕು ಕೊಟ್ಟೆ ರೀ. ನೀವು ಕೊಡೋ ಹಾಗೇ ಕೊಟ್ಟೆ. ನನ್ನ ಕೈಯಾರೆ ನಿಮ್ಮನ್ನ..." ಅಂದಳು.

"ಯಾವ ಕಡೆ ತಿರುಗಿಸಿದೆ?" ಅಂದ ಗಂಡ.

"ನೀವು ತಿರುಗಿಸೋ ಕಡೆಗೇ. ಹೀಗೆ." ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದಳು.

ಕಾಂಪೌಂಡರ್ ಆ ಕೈಯನ್ನೇ ನೋಡಿದ. ತನ್ನ ಬಲಗೈಯನ್ನೆತ್ತಿ ಗಾಳಿಯಲ್ಲಿ ತಿರುಗಿಸಿ ನೋಡಿದ. "ಇವಳೇ, ನೀನು ದೀಪ ಹಿಡ್ಕೊಂಡು ಎಲ್ಲಿ ಕೂತಿರ್ತಿದ್ದೆ?"

"ಎಲ್ಲಿ ಅಂದ್ರೆ? ಚಕ್ರದ ಹೊರಗೆ. ನಿಮ್ಮೆದುರಿಗೆ."

ಹೇಳುತ್ತಿದ್ದಂತೆ ಅವಳ ಬಾಯಿ ಹಾಗೇ ನಿಂತಿತು. ಅವನು ಒಳಗಿನಿಂದ ಬಲಕ್ಕೆ ತಿರುಗಿಸಿದ್ದು, ಎದುರು ಕೂತ ಅವಳಿಗೆ ಎಡಕ್ಕೆ ಕಂಡಿತ್ತು. ಇಷ್ಟು ವರ್ಷ ಕಂಡದ್ದನ್ನು ಕಂಡ ಹಾಗೇ ಕಲಿತು, ಇವತ್ತು ಅವನ ಜಾಗದಲ್ಲಿ ಮಲಗಿ ಎಡಕ್ಕೆ ತಿರುಗಿಸಿದ್ದಳು. ಬಿಗಿಯಾಗಬೇಕಾದ ಬ್ರೇಕು ಮೂರು ಟಕ್ಕು ಸಡಿಲವಾಗಿತ್ತು.

ಕಾಂಪೌಂಡರ್ ನಗತೊಡಗಿದ. ಕಾಯಿಲೆ ಬಿದ್ದ ಮೇಲೆ ಅವನು ಹಾಗೆ ನಕ್ಕದ್ದೇ ಇಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಜೀವಮಾನವೆಲ್ಲಾ ಉಲ್ಟಾ ಅಕ್ಷರ ಓದಿದೋಳು ನೀನು! ನಿನಗೆ ಹೊಳೀಲಿಲ್ವೇನೇ?"

"ಅಲ್ಲಿ ಉಲ್ಟಾ ಅಂತ ಗೊತ್ತಿತ್ತು. ಇಲ್ಲಿ ನೀವೇ ಸರಿ ಅಂದ್ಕೊಂಡಿದ್ದೆ" ಅಂತ ಅಚ್ಚಕ್ಕನೂ ಅಳುತ್ತಲೇ ನಕ್ಕಳು.

ನಗು ಇಳಿದ ಮೇಲೆ ಅವನು ಊರುಗೋಲಿನ ತುದಿಯಿಂದ ಚಕ್ರವನ್ನು ಮೆಲ್ಲಗೆ ಮುಟ್ಟಿದ. ಆಮೇಲೆ ಹೇಳಿದ: "ಒಂದು ಸಲನಾದ್ರೂ ಈ ಕಡೆ ಬಾ, ನನ್ನ ಪಕ್ಕ ಮಲಗಿ ನೋಡು ಅಂತ ಕರೀಬೇಕಿತ್ತು ನಾನು. ಕರೀಲಿಲ್ಲ. ತಪ್ಪು ನಂದು ಕಣೇ, ನಿಂದಲ್ಲ."

ಅಚ್ಚಕ್ಕ ಕಣ್ಣೊರೆಸಿಕೊಂಡು ಎದ್ದಳು. ಗಾಡಿಯನ್ನು ಮತ್ತೆ ದಿಮ್ಮಿಗಳ ಮೇಲೆ ಏರಿಸಿ ಅಡಿಯಲ್ಲಿ ತೂರಿದಳು. ಹೊರಗೆ ಏನೋ ಸದ್ದಾಯಿತು. ತಲೆ ಹೊರಳಿಸಿ ನೋಡಿದರೆ ಗಂಡ ಊರುಗೋಲನ್ನು ಗೋಡೆಗೆ ಒರಗಿಸಿ, ಮೋಟು ಸ್ಟೂಲನ್ನು ಚಕ್ರದ ಹೊರಗೆ ಎಳೆದುಕೊಂಡು ಕೂತಿದ್ದ. ನೆಟ್ಟಗಿರುವ ಬಲಗೈಯಲ್ಲಿ ದೀಪವಿತ್ತು. ದೀಪ ಹಿಡಿದು ಅಭ್ಯಾಸವಿಲ್ಲದ ಕೈ. ಬೆಳಕು ಅವಳ ಕಣ್ಣಿಗೇ ರಾಚಿತು.

"ದೀಪ ನನ್ನ ಮೂಗಿಗಲ್ಲ ರೀ, ಬೋಲ್ಟಿಗೆ!"

"ಆಯ್ತು ತಾಯಿ, ಆಯ್ತು" ಅಂದ ಅವನು, ಬೆಳಕನ್ನು ತಿರುಪಿಗೆ ಸರಿಸುತ್ತಾ.

ಸಡಿಲವಾದದ್ದನ್ನು ಮೊದಲು ಸರಿಮಾಡಿ, ಅದರ ಮೇಲೆ ಮೂರು ಟಕ್ಕು, ಬಲಕ್ಕೆ. ಪ್ರತಿ ಚಕ್ರಕ್ಕೂ ಅವನು ಹೊರಗಿನಿಂದ ತಿರುಗಿಸಿ ಕಿವಿಗೊಟ್ಟು, ಸಣ್ಣ ಉಜ್ಜು ಕೇಳಿಸಿದ ಮೇಲೆಯೇ ಮುಂದಿನದಕ್ಕೆ ಬಿಟ್ಟ.

ಮರುದಿನ ತಪಾಸಣೆಯ ಮೈದಾನದ ಗೇಟಿನಲ್ಲಿ ಮೈದುನನ ಲಾರಿ ಕೊಕ್ಕೆ ಇಳಿಬಿಟ್ಟುಕೊಂಡು ಕಾಯುತ್ತಿತ್ತು. ತಪಾಸಣೆಯ ಅಧಿಕಾರಿ ದೊಡ್ಡಮ್ಮನ ಸುತ್ತ ಒಂದು ಸುತ್ತು ಬಂದ, ಅಚ್ಚಕ್ಕನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. "ಓಡಿಸೋರು ಯಾರು?" "ನಾನೇ" ಅಂದಳು. "ಇಳಿಜಾರಿನ ಮೇಲಿಂದ ವೇಗವಾಗಿ ಬನ್ನಿ. ನಾನು ಸೀಟಿ ಊದಿದ ತಕ್ಷಣ ಬಿಳಿ ಗೆರೆಯ ಹಿಂದೆ ನಿಲ್ಲಬೇಕು" ಅಂದ. ಜೊತೆಗೆ ಯಾರೂ ಕೂರುವ ಹಾಗಿಲ್ಲವಂತೆ. ಕಾಂಪೌಂಡರ್ ಊರುಗೋಲು ಊರಿಕೊಂಡು ಗೆರೆಯ ಪಕ್ಕದಲ್ಲೇ ಹೋಗಿ ನಿಂತ. ತಮ್ಮ ಹಿಂದಕ್ಕೆಳೆದರೂ ಕದಲಲಿಲ್ಲ.

ಮೇಲಿನಿಂದ ನೋಡಿದರೆ ಗೆರೆ ದಾರದಷ್ಟು ಸಣ್ಣಗೆ ಕಾಣುತ್ತಿತ್ತು. ನಿನ್ನೆ ನೆಲ ಮುಟ್ಟಿದ ಪೆಡಲು ಅಚ್ಚಕ್ಕನ ಅಂಗಾಲಿನಲ್ಲಿ ಇನ್ನೂ ಇತ್ತು. ಗೆರೆಯ ಪಕ್ಕ ನಿಂತ ಗಂಡನನ್ನು ಕಂಡಳು. ಈ ಮನುಷ್ಯನಿಗೆ ನನ್ನ ಬ್ರೇಕಿನ ಮೇಲೆ ಇಷ್ಟು ನಂಬಿಕೆಯಿದ್ದರೆ ನನಗೇನು ರೋಗ ಅಂದುಕೊಂಡು ಗೇರು ಹಾಕಿದಳು. ದೊಡ್ಡಮ್ಮ ಗುಡುಗುಡು ಇಳಿದಳು. ಸೀಟಿ ಕೇಳಿಸಿತು. ಅಚ್ಚಕ್ಕ ಒತ್ತಿದಳು. ಪೆಡಲು ಅರ್ಧದಲ್ಲೇ ಗಟ್ಟಿಯಾಗಿ ಪಾದಕ್ಕೆ ಎದುರು ಕೊಟ್ಟಿತು. ಗಾಡಿ ಅತ್ತ ಇತ್ತ ಎಳೆಯದೆ, ಗೆರೆಗೆ ಒಂದು ಮೊಳ ಹಿಂದೆ, ಮೂಗು ಬಗ್ಗಿಸಿ ನಿಂತಿತು.

ಅಧಿಕಾರಿ ಮೊಣಕಾಲೂರಿ ಚಕ್ರದ ಒಳಮಗ್ಗುಲನ್ನು ಬಗ್ಗಿ ನೋಡಿದ. ಎದ್ದು ಕೈ ಕೊಡವಿಕೊಂಡು, ಊರುಗೋಲು ಹಿಡಿದ ಗಂಡಸಿನ ಕಡೆ ತಿರುಗಿದ. "ಪಾಸು. ಈ ಕಾಲದ ಗಾಡಿಗೆ ಇಷ್ಟು ಚೆನ್ನಾಗಿ ಬ್ರೇಕು ಕೂರಿಸೋರು ಈಗೆಲ್ಲಿದ್ದಾರೆ? ಯಾರು ಮಾಡಿದ್ದು, ನೀವೇನಾ?"

ತಮ್ಮನೂ ಪಕ್ಕದಲ್ಲೇ ಇದ್ದ, ಲಾರಿಯವನೂ ಇದ್ದ. ಕಾಂಪೌಂಡರ್ ಎದೆಯುಬ್ಬಿಸಿದ, ಥೇಟ್ ಹಳೆಯ ಕಾಲದ ಹಾಗೆ.

"ಎಲ್ಲಾ ಇವಳೇ ಸಾರ್" ಅಂದ. "ನಾನು ದೀಪ ಹಿಡಿದೆ, ಅಷ್ಟೇ."

ಕಿಟಕಿಯೊಳಗಿನಿಂದ ಅದು ಅಚ್ಚಕ್ಕನಿಗೆ ಕೇಳಿಸಿತು. ಗೆರೆ, ಮೈದಾನ, ಗೇಟಿನ ಲಾರಿ ಎಲ್ಲ ಕಣ್ಣಲ್ಲಿ ಮಂಜುಮಂಜಾಗಿ ಸೇರಿಹೋದವು. ಗಂಡ ಹತ್ತಿ ಕೂತು, ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳುವ ತನಕ ಕಾದಳು. ಆಮೇಲೆ ಮೊಣಕೈಯಲ್ಲಿ ಕಂಬಕ್ಕೊಂದು ಗುದ್ದು ಕೊಟ್ಟಳು. ಕಿತ್ತಳೆ ಕೈ ಮೇಲೆದ್ದಿತು, ಗಾಡಿ ಮನೆಯ ಕಡೆ ತಿರುಗಿತು.